ಪಾದಕ್ಕೆ ಮೂರೇ ಗೆಣ್ಣು

ಅತ್ತಿಗೆಗೆ ನಮಸ್ಕಾರ.

ಬಾಗಿಲ ಚೌಕಟ್ಟು ಕೀಳಿಸಬೇಡಿ! ಶನಿವಾರ ಬಡಗಿ ಬರುವ ಮೊದಲೇ ಈ ಕಾರ್ಡು ನಿಮ್ಮ ಕೈಸೇರಲಿ. ಹೊಸ ಮನೆಯ ಗೋಡೆಯಿಂದ ನೀವು ಮಾತ್ರೆ ಡಬ್ಬಿಯಲ್ಲಿ ಹಿಡಿದುಕೊಟ್ಟ ಕಂದು ಹುಳಗಳನ್ನು ಇಲ್ಲಿನ ಮ್ಯೂಸಿಯಂನಲ್ಲಿ ತೋರಿಸಿದೆ. ಎಲ್ಲರೂ ‘ಹುಳದಜ್ಜಿ’ ಎಂದು ಕರೆಯುವ ತಜ್ಞೆ, ಸಾಸಿವೆಯಷ್ಟಿರುವ ಆ ಜೀವವನ್ನು ಸೂಕ್ಷ್ಮದರ್ಶಕದಡಿ ಮಲಗಿಸಿ ಪಾದದ ಗೆಣ್ಣು ಎಣಿಸಿದರು. ಮರ ಕೊರೆಯುವ ಹುಳಕ್ಕೆ ಐದಂತೆ, ಇದಕ್ಕೆ ಮೂರೇ. ಕುಟುಂಬವೇ ಬೇರೆ.

“ಯಾರಮ್ಮ ಇದು ಮರ ತಿನ್ನುತ್ತೆ ಅಂದಿದ್ದು? ಹಸಿ ಗೋಡೆಯ ಬೂಷ್ಟು ತಿಂದ್ಕೊಂಡಿರೋ ಬಡಪಾಯಿ ಇದು. ಗೋಡೆ ಒಣಗಿದ್ರೆ ತಾನೇ ಜಾಗ ಖಾಲಿ ಮಾಡುತ್ತೆ,” ಎಂದು ನಕ್ಕರು.

ಕಿಟಕಿ ತೆರೆದಿಡಿ, ಅಷ್ಟು ಸಾಕು. ನನ್ನ ನೆಗಡಿ ವಾಸಿಯಾಗಿದೆ. ಅಣ್ಣ ನನ್ನ ಮಾತು ನಂಬುವುದಿಲ್ಲವೆಂದು ಕಾರ್ಡಿನ ಮೂಲೆಯಲ್ಲಿ ಹುಳದಜ್ಜಿಯ ಸಹಿಯನ್ನೂ ಹಾಕಿಸಿದ್ದೇನೆ.

ನಿಮ್ಮ ನಾದಿನಿ