ಬೆಕ್ಕಿನ ಆಟ

ಸೋಮವಾರ, ಜನವರಿ 13. ಬೆಳಗ್ಗೆ 7

ಇವತ್ತೂ ಕೆಟಲ್ ನೀರಿನ ಓಟ್ಸ್ ಗಂಜಿ. ಮಗಳು ಓರ್ಲಾ ಹಾಸಿಗೆ ಮೇಲೆ ಕೂತು ತಿಂದಳು, ಚಮಚ ಬಟ್ಟಲಿಗೆ ತಾಗದ ಹಾಗೆ.

ಮಗುವಿನ ಸದ್ದು ಅಂತ ಪಕ್ಕದ ರೂಮಿನವರು ಮತ್ತೆ ದೂರು ಕೊಟ್ಟರಂತೆ. ಇದು ಎರಡನೆಯದು. ಮೂರಾದರೆ ಹೋಟೆಲ್ ಬಿಡಬೇಕು. ರಿಸೆಪ್ಷನ್ನಿನ ಡೆಕ್ಲನ್ ಒಳ್ಳೆಯವನೇ. ಆದರೂ ನಾನು ಸಹಿ ಹಾಕಿದ ನಿಯಮಗಳ ಕಾಗದ ತೆಗೆದು ತೋರಿಸಿದ. ನಾವಿದ್ದ ಬಾಡಿಗೆ ಮನೆಯನ್ನು ಮಾಲೀಕ ಮಾರಿಕೊಂಡು ಏಳು ತಿಂಗಳಾಯಿತು. ಬೇರೆ ಮನೆ ಸಿಗುವವರೆಗೆ ಸ್ವಲ್ಪ ದಿನ ಈ ಹೋಟೆಲಿನಲ್ಲಿರಿ ಅಂದಿದ್ದರು ನಗರ ಕೌನ್ಸಿಲ್‌ನವರು. ಡಬ್ಲಿನ್ನಿನಲ್ಲಿ ಬಾಡಿಗೆ ಮನೆ ಸಿಗಬೇಕಲ್ಲ...

ಓರ್ಲಾ ಬೆಕ್ಕಿನ ಆಟ ಚೆನ್ನಾಗಿ ಕಲಿತಿದ್ದಾಳೆ. ತುದಿಗಾಲಲ್ಲಿ ನಡೆದರೆ, ಪಿಸುಮಾತಾಡಿದರೆ, ಒಂದು ಬಿಸ್ಕತ್ತು. ಆರು ವರ್ಷದವಳಿಗೆ ಕಲಿಸಿದವಳು ನಾನೇ.

ಬುಧವಾರ, 15

ಶಾಲೆಗೆ ಕರೆಸಿದ್ದರು. ಟೀಚರ್ ಮಿಸ್ ಹೆನೆಗನ್. ಓರ್ಲಾ ಕ್ಲಾಸಿನಲ್ಲೂ ಮೈದಾನದಲ್ಲೂ ಬರೀ ಪಿಸುಗುಡುತ್ತಾಳಂತೆ. ಕಿವಿ ಪರೀಕ್ಷೆ ಮಾಡಿಸೋಣವೇ, ಮನೆಯಲ್ಲೂ ಹೀಗೇನಾ ಅಂತ ಕೇಳಿದರು.

ಮನೆ! ಶಾಲೆಯಲ್ಲಿ ಇನ್ನೂ ಹಳೇ ವಿಳಾಸವೇ ಇದೆ. ಹೋಟೆಲಿನಲ್ಲಿದ್ದೇವೆ ಅಂತ ಯಾರಿಗೂ ಹೇಳಿಲ್ಲ.

"ಹುಟ್ಟಿದಾಗಿಂದ ಅವಳು ಹೀಗೇ, ಮಿಸ್" ಅಂದುಬಿಟ್ಟೆ.

ಓರ್ಲಾ ಪಕ್ಕದಲ್ಲೇ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಳು. ಕೈ ನಿಲ್ಲಿಸಿ ನನ್ನ ನೋಡಿದಳು. ಹಳೇ ಮನೆಯಲ್ಲಿ ಇವಳ ಹಾಡು ಬೀದಿ ಕೊನೆಗೂ ಕೇಳುತ್ತಿತ್ತು. ಥೂ, ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ.

ಬಸ್ಸಿನಲ್ಲಿ ಕಿವಿಗೆ ಬಾಯಿಟ್ಟು ಕೇಳಿದಳು: "ಅಮ್ಮಾ, ನಾನು ಹುಟ್ಟಿದಾಗ ಅಳಲೇ ಇಲ್ವಾ?"



ಗುರುವಾರ, 30

ಕಿವಿ ಪರೀಕ್ಷೆ ಆಯಿತು. ಏನೂ ತೊಂದರೆಯಿಲ್ಲ. ನನಗೆ ಗೊತ್ತಿರಲಿಲ್ಲವೇ... ನಾಳೆ ಮಿಸ್‌ಗೆ ನಿಜ ಹೇಳಬೇಕು.

ಮಂಗಳವಾರ, ಫೆಬ್ರವರಿ 4. ಸಂಜೆ 5, ಆಸ್ಪತ್ರೆ

ಮಿಸ್‌ಗೆ ಹೇಳಲೇ ಇಲ್ಲ.

ಐದೇ ನಿಮಿಷ. ಡೆಕ್ಲನ್ ಕರೆದನೆಂದು ಕೆಳಗೆ ಹೋಗಿದ್ದೆ. ತಾನೇ ನೂಡಲ್ಸ್ ಮಾಡಿಕೊಳ್ಳಲು ಕುದಿಯುವ ಕೆಟಲ್ ಎತ್ತಿದ್ದಾಳೆ. ಬಂದು ನೋಡಿದರೆ ಬಾತ್‌ರೂಮಿನ ಮೂಲೆಯಲ್ಲಿ, ಬಾಯಿಗೆ ಟವೆಲ್ ತುರುಕಿಕೊಂಡು ಕೂತಿದ್ದಾಳೆ. ಕೈಯೆಲ್ಲಾ ಕೆಂಪು, ಬೊಕ್ಕೆ. ಟವೆಲ್ ತೆಗೆದೆ.

"ಸದ್ದು ಮಾಡ್ಲಿಲ್ಲ ಅಮ್ಮಾ."

ಬ್ಯಾಂಡೇಜ್ ಸುತ್ತುವಾಗಲೂ ತುಟಿ ಕಚ್ಚಿಕೊಂಡೇ ಇದ್ದಳು. ಇಷ್ಟು ಸುಟ್ಟರೂ ಅಳುವುದಿಲ್ಲವಲ್ಲ ಅಂತ ಡಾಕ್ಟರು ನನ್ನ ಕಡೆ ತಿರುಗಿದರು. ನಾನು ಬಾಯಿ ತೆರೆಯುವ ಮೊದಲೇ ಅವಳು ಪಿಸುಗುಟ್ಟಿದಳು.

"ಹುಟ್ಟಿದಾಗಿಂದ ನಾನು ಹೀಗೇ, ಡಾಕ್ಟ್ರೇ."

ಹೇಳಿ ನನ್ನ ಮುಖ ನೋಡಿದಳು, ಸರಿಯಾಗಿ ಹೇಳಿದೆನಾ ಅನ್ನುವ ಹಾಗೆ.

ನರ್ಸ್ ಫಾರಂ ಕೊಟ್ಟು ಹೋಗಿದ್ದಾರೆ. ಹೆಸರು ಬರೆದೆ. ವಿಳಾಸದ ಜಾಗದಲ್ಲಿ ಹಳೇದನ್ನೇ ಬರೆದು, ಹೊಡೆದುಹಾಕಿದೆ. ಡಾಕ್ಟರು ಮತ್ತೆ ಈ ಕಡೆ ಬರುತ್ತಿದ್ದಾರೆ. ಈ ಸಲ ನಿಜ ಹೇಳುತ್ತೇನೆ, ಅವಳ ಎದುರಿಗೇ, ಜೋರಾಗಿ—