ಗುಗ್ಗಳದ ಶಸ್ತ್ರ, ನಾಲಿಗೆಯ ಕೀವು

ಹಳಿಯಾಳ
ಗುರುವಾರ ಮಧ್ಯಾಹ್ನ

ಪ್ರೀತಿಯ ಅವ್ವನಿಗೆ ದಾನೇಶ್ವರಿಯ ಶರಣು.

ಅಣ್ಣನನ್ನು ಕಳಿಸಬೇಡ! ನಿಮ್ಮ ಮಗಳನ್ನು ತವರೂರು ಮಳಗಿಗೆ ಕರೆದೊಯ್ಯಿರಿ ಎಂದು ಅತ್ತೆ ಫೋನು ಮಾಡಿದ್ದರಲ್ಲ, ಅದು ರದ್ದಾಯಿತು. ಫೋನಿನಲ್ಲಿ ಹೇಳಿದರೆ ಅಣ್ಣ ಸ್ಪೀಕರ್ ಹಚ್ಚಿ ಓಣಿಗೆಲ್ಲ ಕೇಳಿಸುತ್ತಾನೆ. ಅದಕ್ಕೇ ಊರಿಗೆ ಹೊರಟಿರುವ ಯಲ್ಲಪ್ಪ ಕಾಕಾನ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ.

ನಾದಿನಿಯ ಮದುವೆಗೆ ಬೆಂಕಿಯ ಕೊಡ ಹೊತ್ತು ವೀರಭದ್ರನ ಗುಗ್ಗಳದ ಮೆರವಣಿಗೆ ಹೊರಟಾಗ ನಿನ್ನ ಅಳಿಯ ಪುರವಂತನಾಗಿ ಕುಣಿದು, ದೇವರ ಒಡಪು ಹೇಳಿ, ನಾಲಿಗೆಗೆ ಶಸ್ತ್ರ ಚುಚ್ಚಿಕೊಂಡಿದ್ದನ್ನು ನೀನೇ ನೋಡಿದ್ದೀಯ. ಆಮೇಲೆ ನಾಲಿಗೆ ಒಂದು ಬದಿಗೆ ಬಾತು, ಜ್ವರ ಬಂದು, ಉಗುಳು ನುಂಗಲೂ ಆಗದಾಯಿತು. ವೀರಭದ್ರನ ಶಸ್ತ್ರದ ಗಾಯ ಎಂದೂ ಕೀವಾಗುವುದಿಲ್ಲ ಎಂಬುದು ಈ ಮನೆಯ ನಂಬಿಕೆ. ಹಾಗಾದರೆ ತಪ್ಪು ಯಾರದೋ ಇರಲೇಬೇಕಲ್ಲ! "ಮುಟ್ಟಾಗಿದ್ದು ಮುಚ್ಚಿಟ್ಟು ಗುಗ್ಗಳದ ಕೊಡಾ ಮುಟ್ಟ್ಯಾಳ," ಎಂದು ಅತ್ತೆ ನನ್ನ ಮೇಲೆ ಹಾಕಿದರು. ಇವರಿಗೆ ಮಾತೇ ಹೊರಡದು. ನನ್ನ ಪರ ಯಾರು ಮಾತಾಡಬೇಕು? ಔಷಧವೆಂದು ಭಸ್ಮ ಹಚ್ಚುವುದೊಂದೇ ನಡೆದಿತ್ತು.

ನಿನ್ನೆ ಉಸಿರು ಕಟ್ಟಿದಂತಾದಾಗ ನಾನು ಯಾರನ್ನೂ ಕೇಳಲಿಲ್ಲ. ರಿಕ್ಷಾದಲ್ಲಿ ಕೂರಿಸಿ ದವಾಖಾನೆಗೆ ಕರೆದೊಯ್ದೆ. ಅತ್ತೆಯೂ ಬೈಯುತ್ತಲೇ ಹತ್ತಿದರು. ಡಾಕ್ಟರಮ್ಮ ನಾಲಿಗೆಯನ್ನು ಬೆರಳಿನಿಂದ ಒತ್ತಿ ನೋಡಿ, ಹುಳುಕು ಹಲ್ಲಿದೆಯೇ, ಮುಳ್ಳು ಚುಚ್ಚಿತ್ತೇ, ನಾಲಿಗೆ ಕಚ್ಚಿಕೊಂಡಿದ್ದರೇ, ಸಕ್ಕರೆ ಕಾಯಿಲೆಯೇ ಎಂದು ಕೇಳುತ್ತ ಹೋದರು. ಅತ್ತೆ ಎಲ್ಲಕ್ಕೂ ಇಲ್ಲ ಎಂದರು, ಶಸ್ತ್ರದ ಸುದ್ದಿ ಮಾತ್ರ ಎತ್ತಲಿಲ್ಲ. ನಾನೇ ಹೇಳಿಬಿಟ್ಟೆ. ಸ್ಕ್ಯಾನ್ ಮಾಡಿ, ಸೂಜಿ ಹಾಕಿ ಎಳೆದರೆ ಸಿರಿಂಜಿನ ತುಂಬ ಹಳದಿ ಕೀವು! ದೇವರ ಸಿಟ್ಟಲ್ಲ, ಬರೀ ಕೀವು. ಅವ್ವಾ, ಕೀವು ಕಂಡು ಕುಣಿಯಬೇಕೆನಿಸಿದ್ದು ಲೋಕದಲ್ಲಿ ನನಗೊಬ್ಬಳಿಗೇ ಇರಬೇಕು.

ಆಗಲೂ ಅತ್ತೆ ಮೈಲಿಗೆಯ ಮಾತು ತೆಗೆದರು. ಡಾಕ್ಟರಮ್ಮ ನಕ್ಕರು. "ಮೈಲಿಗಿ ಗೀಲಿಗಿ ಏನೂ ಇಲ್ರೀ. ಚುಚ್ಚಿದಾಗ ಹೊಲಸು ಒಳಗ ಹೋಗೇತಿ. ಮ್ಯಾಲ ಗಾಯ ಮಾಯ್ದೈತಿ, ಒಳಗ ಕೀವು ತುಂಬೇತಿ," ಎಂದು ಅಲ್ಲೇ ಕೊಯ್ದು ತೆಗೆದರು.

ಇಂದು ಬೆಳಿಗ್ಗೆ ಇವರು ಗಂಜಿ ಕುಡಿದು, ತೊದಲುತ್ತ ಮೊದಲ ಮಾತನ್ನು ತಾಯಿಗೇ ಹೇಳಿದರು: "ಯವ್ವಾ, ಅಕಿ ಎಲ್ಲೂ ಹೋಗಂಗಿಲ್ಲ." ಅತ್ತೆ ಒಳಗೆ ಹೋಗಿ ನನಗೆ ಚಹಾ ಮಾಡಿ ತಂದರು. ಸಕ್ಕರೆ ಮರೆತಿದ್ದರು. ಖುಷಿಯಿಂದಲೇ ಕುಡಿದೆ!

ನಿನ್ನ ಮಗಳು,
ದಾನಿ

ತಾ.ಕ.: ಇದನ್ನು ಅಣ್ಣನಿಗೆ ಓದಲು ಕೊಡಬೇಡ. ನಾನು ಮುಟ್ಟಾಗಿ ಎರಡು ತಿಂಗಳು ದಾಟಿತು, ಅವ್ವಾ. ಅದನ್ನು ಹೇಳಿದ್ದರೆ ಅತ್ತೆಯ ಬಾಯಿ ಅವತ್ತೇ ಮುಚ್ಚುತ್ತಿತ್ತು. ಬಸುರಿ ಎಂದು ಇಟ್ಟುಕೊಳ್ಳುವುದು ಬೇಡ, ನನ್ನನ್ನು ನಂಬಿ ಇಟ್ಟುಕೊಳ್ಳಲಿ ಎಂದು ಹಟ ಹಿಡಿದೆ.