ಬೆಂಚಿನ ಹಿಂದಿನ ಜಾಗ

ವಾಲ್‌ಮುರ, ಜನವರಿ ಹದಿನಾಲ್ಕು

ನನ್ನ ಆನ್ನೆಟಾ,

ಮಂಡಿ ಹೇಗಿದೆ? ಬಾಸೆಲ್‌ನಲ್ಲಿ ನಿನ್ನ ತಂಗಿ ಮೆಟ್ಟಿಲು ಹತ್ತಲು ಬಿಡುತ್ತಿಲ್ಲ ತಾನೆ? ಇಲ್ಲಿ ನಾನು ಕ್ಷೇಮ, ಆದರೆ ಅಪರಾಧಿ. ಕಾಲು ಚಾಚಿ ಕೂತು, ನ್ಯಾಯಾಧೀಶೆಯ ಗಾಂಭೀರ್ಯದಿಂದ ಕೇಳು: ಮೊನ್ನೆ ಮಂಗಳವಾರ, ಪೂರ್ಣ ಪ್ರಜ್ಞೆಯಲ್ಲಿ, ಯಾರ ಬಲವಂತವೂ ಇಲ್ಲದೆ, ನಮ್ಮ ಮಗನ ಐಸ್ ಹಾಕಿ ಚೀಲಕ್ಕೆ ಕೈ ಹಾಕಿದೆ. ಅವನ ಬೆವರಿದ ಕಾಲುಚೀಲಗಳು ಅರ್ಧ ಶಿಕ್ಷೆ ಅಲ್ಲೇ ಕೊಟ್ಟಿವೆ. ಉಳಿದರ್ಧವನ್ನು ನೀನು ಮನ್ನಿಸಬೇಕು.

ಕಾರಣವಿತ್ತು. ತಂಡದಲ್ಲಿ ಹೆಚ್ಚು ಅಂಕ ಗಳಿಸಿದವನಿಗೆ ತೊಡಿಸುವ ಹಳದಿ ಹೆಲ್ಮೆಟ್ ಈಗ ನಮ್ಮ ಫ್ಲೂರಿನ್‌ನ ತಲೆಯ ಮೇಲಿದೆ. ಬೇಕರಿಯ ಉರ್ಸಿನಾ ಅವನ ಹೆಸರಿನಲ್ಲಿ ಅಕ್ರೋಟಿನ ಕಡುಬು ಮಾರುತ್ತಾಳೆ. ಪಂದ್ಯವಿದ್ದ ದಿನ ಪಾದ್ರಿಗಳು ಪ್ರವಚನವನ್ನೇ ಮೊಟಕು ಮಾಡುತ್ತಾರೆ. ಬೇರೆ ಕ್ಲಬ್ಬುಗಳು ಮೂಗು ತೂರಿಸುವುದು ಇಂಥ ಹೊತ್ತಿನಲ್ಲೇ. ನಮ್ಮ ಆಟಗಾರರ ರೀತಿ ನಿನಗೆ ಗೊತ್ತಿದ್ದದ್ದೇ: ನಡು ಚಳಿಗಾಲದಲ್ಲೇ ಮುಂದಿನ ಋತುವಿಗೆಂದು ಎದುರಾಳಿ ಕ್ಲಬ್ಬಿಗೆ ಸಹಿ ಹಾಕಿ, ವಸಂತದವರೆಗೂ ನಮ್ಮ ಅಂಗಿಯಲ್ಲೇ ನಗುನಗುತ್ತ ಆಡುತ್ತಾರೆ. ಇವನೂ ಫೋನ್ ಬಂದರೆ ಬರಿಗಾಲಲ್ಲಿ ಹಿಮಕ್ಕೆ ಓಡುತ್ತಾನೆ. “ಯಾರೋ ಅದು?” ಅಂದರೆ “ಯಾರೂ ಇಲ್ಲಪ್ಪ.” ಮಂಜುಗಡ್ಡೆಯ ಮೇಲೆ ಜಾರುವುದು ಅವನ ವೃತ್ತಿ, ಪ್ರಶ್ನೆಯಿಂದ ಜಾರುವುದು ಪ್ರವೃತ್ತಿ. ಉರ್ಸಿನಾಗೂ ವಾಸನೆ ಬಡಿದಿದೆ: “ಏನ್ ಗಿಯೋನಣ್ಣ, ಹುಡ್ಗ ಹೋಗ್ತಾನಂತೆ? ಹೋದ್ರೆ ಕಡುಬಿಗೆ ನಿನ್ ಹೆಸರಿಡ್ತೀನಿ. ಒಂದೂ ಖರ್ಚಾಗಲ್ಲ ಬಿಡು!”

ಚೀಲದಲ್ಲಿ ಸಿಕ್ಕಿದ್ದು ಫ್ರೆಂಚ್ ಸೀಮೆಯ ಕ್ಲಬ್ಬೊಂದರ ಕಾಗದ. ನನ್ನ ಫ್ರೆಂಚ್ ಭಾಷೆ ವೈನ್ ತರಿಸುವಷ್ಟರದು. ಆದರೂ ‘ಮೂರು ವರ್ಷ’ ಎಂಬುದು ಓದಲು ಬಂತು. ಅವನು ಹೋದರೆ ಊರಿಗೆ ಗೋಲು ಕಡಿಮೆ, ನನಗೆ ಗೋಳು ಜಾಸ್ತಿ. ಹನ್ನೊಂದು ವರ್ಷ ತಂಡದ ಬೆಂಚಿನ ಹಿಂದೆ ನಿಂತು ಕೂಗಿದವನು ನಾನು. “ಎಡಕ್ಕೆ! ಹೊಡಿ! ಅಯ್ಯೋ ಮಲಗಿದ್ಯೇನೋ!” ಜಂಭವಲ್ಲ ಆನ್ನೆಟಾ, ಅವನ ಅರ್ಧಕ್ಕರ್ಧ ಗೋಲುಗಳು ನನ್ನ ಗಂಟಲಿನಿಂದ ಹೊರಟವು.

ನಿನ್ನೆ ಊಟಕ್ಕೆ ಕೂತಾಗ ಕಾಗದವನ್ನು ಆಲೂಗಡ್ಡೆ ಪಾತ್ರೆಗೆ ಒರಗಿಸಿಟ್ಟೆ. ಅವನು ಸಿಟ್ಟಾಗಲಿಲ್ಲ, ಅದಕ್ಕೇ ನನಗೆ ಇನ್ನಷ್ಟು ಅನುಮಾನ. “ಬೇಡ ಅಂತ ಅವರಿಗೆ ಹೇಳಾಯ್ತಪ್ಪ. ಇಲ್ಲೇ ಸಹಿ ಹಾಕ್ದೆ, ಇನ್ನೂ ಮೂರು ವರ್ಷ. ಒಂದೇ ಒಂದು ಷರತ್ತು” ಅಂದ. ಏನದು ಎಂದರೆ ಚೀಸ್ ಬಾಯಿಗೆ ತುಂಬಿಕೊಂಡ. ಕಾರು ಕೇಳಿರಬಹುದೇ? ಕೋಚನ್ನು ಕೆಲಸದಿಂದ ತೆಗೆಯಲು ಹೇಳಿರಬಹುದೇ? ಏನೋ ಇದೆ. ಆದರೂ ಇರುತ್ತಾನಲ್ಲ!

ತಂಗಿಗೆ ನನ್ನ ನೆನಪು ಹೇಳು, ಊರುಗೋಲು ಬಿಡಬೇಡ.

ನಿನ್ನವನೇ ಆದ,
ಗಿಯೋನ್

ತಾ.ಕ.: ಅಂಚೆಪೆಟ್ಟಿಗೆಯ ಮೇಲೆಯೇ ಇಟ್ಟು ಗೀಚುತ್ತಿದ್ದೇನೆ. ಕ್ಲಬ್ಬಿನ ಕಾರ್ಯದರ್ಶಿ ಈಗಷ್ಟೇ ಸಿಕ್ಕು ಷರತ್ತು ತಿಳಿಸಿದ: ಮುಂದಿನ ಋತುವಿನಿಂದ ಬೆಂಚಿನ ಹಿಂದೆ ನಾನು ನಿಲ್ಲುವಂತಿಲ್ಲ. ಆಚೆ ತುದಿಯ ಮೇಲಿನ ಸಾಲಿನಲ್ಲಿ ಎರಡು ಕುರ್ಚಿ. ಒಂದು ನನಗೆ, ಇನ್ನೊಂದು ನನ್ನ ಬಾಯಿ ಮುಚ್ಚಿಸಲು ನಿನಗೆ. ಬೇಗ ಬಾ. ಕಾರಣವನ್ನು ನೀನು ಹೇಗೂ ಮಗನನ್ನೇ ಕೇಳುತ್ತೀಯ, ನಾನೇ ಹೇಳಿಬಿಡುತ್ತೇನೆ: ನವೆಂಬರಿನಲ್ಲಿ ಗಂಟಲು ಕಟ್ಟಿ ಮೂರು ಪಂದ್ಯ ನನಗೆ ಸ್ವರವೇ ಹೊರಡಲಿಲ್ಲವಲ್ಲ, ಅವನು ಏಳು ಗೋಲು ಹೊಡೆದದ್ದು ಆ ಮೂರರಲ್ಲೇ.